ಕಾಫಿ ತೋಟದ ಮಣ್ಣಲ್ಲಿ ಜಿಂಕ್ ಜಾಸ್ತಿ ಇದ್ದರೆ ಕೆಳಗೆ ಬೆಳ್ಳಿ, ಸೀಸ ಇರುತ್ತಾ?

ಮೂಡಿಗೆರೆ ಹತ್ತಿರದ ನಿಮ್ಮ ತೋಟದಲ್ಲಿ ಮಣ್ಣು ಪರೀಕ್ಷೆ ಮಾಡಿಸಿದ್ದೀರಿ, ಜಿಂಕ್ (ಅಂದರೆ ಸತು) ಜಾಸ್ತಿ ಬಂದಿದೆ. ಬಿಳಿ ಕಲ್ಲುಗಳೂ ಇವೆ. ಅದು ಸುಣ್ಣದ ಕಲ್ಲು, ಅದರಲ್ಲಿ ಬೆಳ್ಳಿ, ಸೀಸ, ಸತು ಇರುತ್ತೆ, ಡ್ರಿಲ್ಲಿಂಗ್‌ಗೆ ದುಡ್ಡು ಹಾಕಿ ಅಂತ ಒಬ್ಬರು ಬೆನ್ನು ಬಿದ್ದಿದ್ದಾರೆ. ಹಾಕಬಹುದಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಒಂದು ರೂಪಾಯಿಯೂ ಕೊಡಬೇಡಿ. ನಾನು ಕಡೂರಿನವನು. ಭೂವಿಜ್ಞಾನ ಓದಿ ಉದಯಪುರದ ಸುತ್ತಮುತ್ತ ಸೀಸ, ಸತು ಹುಡುಕುವ ಕೆಲಸದಲ್ಲಿದ್ದವನು.

ಅವರು ಹೇಳಿದ್ದರಲ್ಲಿ ಅರ್ಧ ನಿಜ. ಲೋಹ ಹೊತ್ತ ಬಿಸಿ ಉಪ್ಪುನೀರು ಸುಣ್ಣದ ಕಲ್ಲಿನ ಬಿರುಕಿಗೆ ನುಗ್ಗಿದಾಗ ಕಲ್ಲು ಕರಗಿ ಜಾಗ ಬಿಡುತ್ತದೆ. ನೀರಿನ ಹುಳಿ ಅಲ್ಲೇ ತಗ್ಗುತ್ತದೆ. ಗಂಧಕವೂ ಸಿಕ್ಕರೆ ಸೀಸ ಗೆಲೀನಾ ಅನ್ನುವ ಅದಿರಾಗಿ, ಸತು ಸ್ಫಾಲರೈಟ್ ಅನ್ನುವ ಅದಿರಾಗಿ ಕೂರುತ್ತವೆ. ಬೆಳ್ಳಿ ಸಾಮಾನ್ಯವಾಗಿ ಗೆಲೀನಾದ ಒಳಗೇ ಅಡಗಿರುತ್ತದೆ, ಅದನ್ನು ಟನ್ನಿಗೆ ಇಷ್ಟು ಗ್ರಾಂ ಅಂತ ಅಳೆಯುತ್ತಾರೆ. ಉದಯಪುರದ ಹತ್ತಿರದ ಜಾವರ್‌ನಲ್ಲಿ ಅದಿರು ಇರುವುದು ಡಾಲಮೈಟ್‌ನಲ್ಲಿ, ಅಂದರೆ ಸುಣ್ಣದ ಕಲ್ಲಿನ ದಾಯಾದಿ. ಅಲ್ಲಿ ಶತಮಾನಗಳ ಹಿಂದೆಯೇ ಸತು ಬಟ್ಟಿ ಇಳಿಸುತ್ತಿದ್ದರು. ಆ ಕೆಲಸಕ್ಕೆ ಬಳಸಿ ಬಿಸಾಡಿದ ಮಣ್ಣಿನ ಕೊಳವೆಗಳನ್ನು ಊರ ಗೋಡೆಗಳಲ್ಲಿ ಇಟ್ಟಿಗೆ ಹಾಗೆ ಜೋಡಿಸಿರುವುದನ್ನು ಇವತ್ತೂ ನೋಡಬಹುದು.

ಆದರೆ ಮೂಡಿಗೆರೆ ಕಡೆ ಹೆಚ್ಚಾಗಿ ಇರುವುದು ಸುಣ್ಣದ ಕಲ್ಲಲ್ಲ, ನೈಸ್ (gneiss) ಅನ್ನುವ ತುಂಬಾ ಹಳೆಯ ಪಟ್ಟೆ ಪಟ್ಟೆ ಕಲ್ಲು. ಅದರಲ್ಲಿ ಬಿಳಿಯಾಗಿ ಕಾಣುವುದು ಸಾಮಾನ್ಯವಾಗಿ ಬೆಣಚು ಕಲ್ಲು. ಚಾಕುವಿನಿಂದ ಗೀಚಿ ನೋಡಿ. ಸುಣ್ಣದ ಕಲ್ಲಾದರೆ ಸುಲಭವಾಗಿ ಗೀರು ಬೀಳುತ್ತದೆ. ಬೆಣಚು ಕಲ್ಲಾದರೆ ಚಾಕುವೇ ಸವೆದು ಕಬ್ಬಿಣದ ಗೆರೆ ಉಳಿಯುತ್ತದೆ. ಇನ್ನು ತೆಳು ಹೈಡ್ರೋಕ್ಲೋರಿಕ್ ಆಸಿಡ್ ಎರಡು ಹನಿ ಬಿಟ್ಟರೆ ಸುಣ್ಣದ ಕಲ್ಲು ಬುಸ್ ಅಂತ ನೊರೆ ಬರುತ್ತದೆ. ಡಾಲಮೈಟ್ ಆದರೆ ಪುಡಿ ಮಾಡಿದ ಮೇಲೆ ಮಾತ್ರ. ಪರೀಕ್ಷೆಗೆ ಬಂಡೆಯಿಂದಲೇ ಒಡೆದ ಚೂರು ತಗೊಳ್ಳಿ. ತೋಟಕ್ಕೆ ನೀವೇ ಸುಣ್ಣ, ಡಾಲಮೈಟ್ ಹಾಕಿರುತ್ತೀರಲ್ವಾ, ಮಣ್ಣಲ್ಲಿ ನೊರೆ ಬಂದರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಜಿಂಕ್ ಲೆಕ್ಕವೂ ಹೀಗೇ. ಕಾಫಿಗೆ ಜಿಂಕ್ ಸಲ್ಫೇಟ್ ಹೊಡೆಯುವುದು ನಮ್ಮ ಕಡೆ ಮಾಮೂಲು. ವರ್ಷ ವರ್ಷ ಹೊಡೆದದ್ದು ಮಣ್ಣಿಗೇ ಇಳಿಯುತ್ತದೆ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ತೋಟದಲ್ಲಿ ತಾಮ್ರವೂ ಹಾಗೇ ಏರಿರುತ್ತದೆ. ಜೊತೆಗೆ, ಕೃಷಿ ಲ್ಯಾಬ್ ಅಳೆಯುವುದು ಗಿಡಕ್ಕೆ ಸಿಗುವ ಜಿಂಕ್ ಅನ್ನು ಮಾತ್ರ. ಅದಿರು ಹುಡುಕುವವರಿಗೆ ಬೇಕಾದದ್ದು ಒಟ್ಟು ಪ್ರಮಾಣ, ಅದರಲ್ಲೂ ಸೀಸದ್ದು. ಸತು ನೀರಲ್ಲಿ ಕರಗಿ ದೂರ ಹೋಗುತ್ತದೆ, ಸೀಸ ಹುಟ್ಟಿದ ಜಾಗದ ಹತ್ತಿರವೇ ಉಳಿಯುತ್ತದೆ. ಹಾಗಾಗಿ ತೋಟದ ಮೇಲ್ಗಡೆ, ಔಷಧಿ ಹೊಡೆಯದ ಕಾಡಿನಿಂದ ಇಳಿಯುವ ಹಳ್ಳದ ನುಣುಪು ಮರಳಲ್ಲಿ ಸೀಸ ಎಷ್ಟಿದೆ ಅಂತ ನೋಡಿದರೆ ಅದಕ್ಕೆ ಬೆಲೆ ಇದೆ. ಡ್ರಿಲ್ಲಿಂಗ್ ಬರುವುದು ನಕ್ಷೆ, ಮಣ್ಣಿನ ಮಾದರಿ, ಭೂಭೌತಿಕ ಸರ್ವೆ ಎಲ್ಲ ಮುಗಿದು ಒಂದೇ ಜಾಗವನ್ನು ತೋರಿಸಿದ ಮೇಲೆ. ಮೊದಲ ಭೇಟಿಯಲ್ಲೇ ಡ್ರಿಲ್ ಅನ್ನುವವರು ಯಾರೇ ಆಗಲಿ, ನನಗೆ ನಂಬಿಕೆ ಬರುವುದಿಲ್ಲ.

ಕಾನೂನಿನ ವಿಷಯ: ಸುಮ್ನೆ ಅಗ್ರಿಮೆಂಟ್ ಬರೆದುಕೊಟ್ಟ ಮಾತ್ರಕ್ಕೆ ಯಾರಿಗೂ ಇಂಥ ಲೋಹ ತೆಗೆಯುವ ಹಕ್ಕು ಬರುವುದಿಲ್ಲ. ಗಣಿ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆದ ಮೇಲೆ ಗಣಿ ಗುತ್ತಿಗೆ ಕೊಡುವುದು ಹರಾಜಿನಲ್ಲಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ನಿಮ್ಮ ಜಾಗದಲ್ಲಿ ಯಾವ ಕಲ್ಲಿದೆ ಅನ್ನುವ ನಕ್ಷೆ ಜಿಎಸ್‌ಐನ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ) ಭೂಕೋಶ್ ಪೋರ್ಟಲ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಅಕಸ್ಮಾತ್ ಸೀಸದ ಬಣ್ಣದ, ಕೈಗೆ ವಿಪರೀತ ಭಾರ ಅನಿಸುವ, ಒಡೆದರೆ ಚೌಕ ಚೌಕವಾಗಿ ಬಿಡುವ ಕಲ್ಲು ಸಿಕ್ಕರೆ ಅದು ಗೆಲೀನಾ ಇರಬಹುದು. ಮನೆಯಲ್ಲಿ ಕುಟ್ಟಬೇಡಿ, ಆ ಧೂಳು ಮಕ್ಕಳಿಗೆ ವಿಷ. ಚಾಕುವಿನ ಗೀರು ಹೇಗೆ ಬಂತು, ಆಸಿಡ್‌ಗೆ ನೊರೆ ಬಂತಾ ಅಂತ ಫೋಟೋ ಸಮೇತ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.