ಡೆಸ್ಕ್‌ಟಾಪ್‌ನಲ್ಲಿ ಸ್ಪೀಡ್‌ಸ್ಟೆಪ್, ಸಿ-ಸ್ಟೇಟ್ ಆನ್ ಇಟ್ಟರೆ ಸಿಸ್ಟಂ ಸ್ಲೋ ಆಗುತ್ತಾ?

ಆಗಲ್ಲ. ಎರಡೂ ಪ್ರೊಸೆಸರಿನ ಕರೆಂಟ್ ಉಳಿಸೋ ಸೆಟ್ಟಿಂಗ್‌ಗಳು, ಧೈರ್ಯವಾಗಿ ಆನ್ ಮಾಡಿ.

ಮಂಡ್ಯದಲ್ಲಿ ಮನೆಯಿಂದಲೇ ಮದುವೆ ಆಲ್ಬಂ ಡಿಸೈನ್ ಮಾಡ್ತೀರಿ, ಸಿಸ್ಟಂ ಜೋಡಿಸಿಕೊಟ್ಟವರು ‘ಸ್ಪೀಡ್ ಬರಲಿ’ ಅಂತ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗೋ ಮುಂಚೆ ಸಿಗೋ ಸೆಟ್ಟಿಂಗ್ಸ್) ಇವೆರಡನ್ನೂ ಆಫ್ ಮಾಡಿದ್ದಾರೆ, ಈಗ ಗೃಹಜ್ಯೋತಿ ಮಿತಿ ದಾಟಿ ಬಿಲ್ ಬರ್ತಿದೆ ಅಂತ ಬರೆದಿದ್ದೀರಿ. ಮೈಸೂರಿನಲ್ಲಿ ಸಿಸ್ಟಂ ಅಸೆಂಬಲ್, ಸರ್ವೀಸ್ ಮಾಡೋದೇ ನನ್ನ ಕೆಲಸ. ಈ ‘ಆಫ್ ಮಾಡಿದರೆ ಸ್ಪೀಡು’ ಅನ್ನೋ ನಂಬಿಕೆ ಇಲ್ಲಿಯೂ ಬೇಕಾದಷ್ಟಿದೆ.

ಸ್ಪೀಡ್‌ಸ್ಟೆಪ್ ಅಂದರೆ ಕೆಲಸ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಪ್ರೊಸೆಸರಿನ ವೇಗ, ವೋಲ್ಟೇಜ್ ಎರಡನ್ನೂ ಏರಿಸಿ ಇಳಿಸೋದು. ಇದು ಇಂಟೆಲ್ ಹೆಸರು, ಎಎಂಡಿ ಪ್ರೊಸೆಸರಿನಲ್ಲಿ ಇದೇ ಕೂಲ್ ಎನ್ ಕ್ವಯಟ್. ಉಳಿತಾಯ ಇರೋದು ಮುಖ್ಯವಾಗಿ ವೋಲ್ಟೇಜಿನಲ್ಲಿ, ಯಾಕೆಂದರೆ ಕರೆಂಟ್ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗವೂ ವೋಲ್ಟೇಜೂ ಶೇ. 10ರಷ್ಟು ಇಳಿದರೆ ಲೆಕ್ಕದ ಪ್ರಕಾರ ಖರ್ಚು ಶೇ. 27ರಷ್ಟು ಇಳಿಯುತ್ತೆ. ಸಿ-ಸ್ಟೇಟ್ ಬೇರೆ ವಿಷಯ. ಕೆಲಸವೇ ಇಲ್ಲದ ಕೋರನ್ನು (ಪ್ರೊಸೆಸರಿನೊಳಗೆ ಕೆಲಸ ಮಾಡೋ ಒಂದೊಂದು ಘಟಕ) ಮಲಗಿಸೋದು ಅದು. ಆ ನಿದ್ದೆಗೆ ಹಂತಗಳಿವೆ: ಸಿ1ರಲ್ಲಿ ಬರೀ ಕ್ಲಾಕ್, ಅಂದರೆ ಕೋರನ್ನು ಓಡಿಸೋ ತಾಳ, ನಿಲ್ಲುತ್ತೆ, ಸಿ6ಕ್ಕೆ ಹೋದರೆ ಆ ಕೋರಿಗೆ ಕರೆಂಟ್ ಹೆಚ್ಚುಕಡಿಮೆ ಬಂದ್. ಯಾವ ಫೋಟೋ ಇಡೋದು, ಯಾವುದು ಬಿಡೋದು ಅಂತ ನೀವು ನೋಡ್ತಾ ಕೂತಿರೋ ಹೊತ್ತಿನಲ್ಲಿ ಅದು ಎಷ್ಟೋ ಸಲ ಮಲಗಿ ಎದ್ದಿರುತ್ತೆ. ಏಳೋಕೆ ಬೇಕಾಗೋದು ಮೈಕ್ರೋಸೆಕೆಂಡುಗಳು, ನಿಮ್ಮ ಮೌಸಿಗೆ ಅದು ಗೊತ್ತೇ ಆಗಲ್ಲ. ಎರಡನ್ನೂ ಆಫ್ ಮಾಡಿ ಇಡೋದು ಅಂದರೆ ಆಲೆಮನೆಯಲ್ಲಿ ಕಬ್ಬು ಕೊಡದೆ ಗಾಣ ತಿರುಗಿಸಿದ ಹಾಗೆ.

ಆಫ್ ಮಾಡಿದರೆ ಸ್ಪೀಡ್ ಕಮ್ಮಿ ಆಗೋ ಸಾಧ್ಯತೆಯೇ ಇದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಇಂಟೆಲ್ ಟರ್ಬೋ, ಅಂದರೆ ಪ್ರೊಸೆಸರ್ ತನ್ನ ಮಾಮೂಲಿ ವೇಗಕ್ಕಿಂತ ಮೇಲೆ ಹೋಗೋದು, ಎಷ್ಟು ಮೇಲೆ ಹೋಗಬಹುದು ಅನ್ನೋದು ಆ ಕ್ಷಣಕ್ಕೆ ಎಷ್ಟು ಕೋರ್ ಎಚ್ಚರವಾಗಿವೆ ಅನ್ನೋದರ ಮೇಲೆ ನಿಂತಿರುತ್ತೆ. ಉಳಿದ ಕೋರ್‌ಗಳು ಗಾಢವಾಗಿ ಮಲಗಿದ್ದರೆ ಕೆಲಸ ಮಾಡೋ ಒಂದೆರಡು ಕೋರಿಗೆ ಪೂರ್ತಿ ಟರ್ಬೋ ಸಿಗುತ್ತೆ. ಸಿ-ಸ್ಟೇಟ್ ಆಫ್ ಇದ್ದರೆ ಎಲ್ಲವೂ ಎಚ್ಚರ ಅಂತಲೇ ಲೆಕ್ಕ, ಟರ್ಬೋ ಒಂದೆರಡು ಮೆಟ್ಟಿಲು ಕೆಳಗೇ ನಿಲ್ಲುತ್ತೆ. ಫೋಟೋಶಾಪಿನ ಎಷ್ಟೋ ಕೆಲಸ ಓಡೋದು ಒಂದೆರಡು ಕೋರಿನಲ್ಲೇ. ಸಾಲದ್ದಕ್ಕೆ ಹಲವು ಬೋರ್ಡ್‌ಗಳಲ್ಲಿ ಸ್ಪೀಡ್‌ಸ್ಟೆಪ್ ಆಫ್ ಮಾಡಿದರೆ ಟರ್ಬೋ ಪೂರ್ತಿ ಹೋಗುತ್ತೆ.

ಹಾಗಂತ ನಿಮ್ಮ ಅಂಗಡಿಯವರನ್ನು ಬೈಯೋಕೆ ಹೋಗಬೇಡಿ, ಅವರ ಮಾತಿಗೂ ಒಂದು ಮೂಲ ಇದೆ. 2013ರಲ್ಲಿ ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರ್ ಬಂದಾಗ ಅದು ಗಾಢವಾಗಿ ಮಲಗಿದರೆ 12 ವೋಲ್ಟ್ ಲೈನಿನಲ್ಲಿ ಎಳೆಯೋ ಕರೆಂಟ್ 0.05 ಆಂಪಿಯರ್‌ವರೆಗೂ ಇಳಿಯುತ್ತಿತ್ತು. ಅಷ್ಟು ಕಮ್ಮಿ ಲೋಡ್ ಕೆಲವು ಹಳೇ ಎಸ್‌ಎಂಪಿಎಸ್‌ಗಳಿಗೆ (ಸಿಸ್ಟಮ್ಮಿಗೆ ಕರೆಂಟ್ ಕೊಡೋ ಪವರ್ ಸಪ್ಲೈ) ಆಗಿಬರಲಿಲ್ಲ, ಸಿಸ್ಟಂ ತಾನಾಗೇ ಆಫ್ ಆಗೋದು, ಹ್ಯಾಂಗ್ ಆಗೋದು. 2017ರಲ್ಲಿ ಬಂದ ಎಎಂಡಿಯ ಮೊದಲ ರೈಜನ್ ಪ್ರೊಸೆಸರ್‌ಗಳಲ್ಲೂ ಕೆಲವು ಸುಮ್ಮನೆ ಇದ್ದಾಗಲೇ ಫ್ರೀಜ್ ಆಗ್ತಿದ್ದವು, ಅದಕ್ಕೇ ಬಯೋಸ್‌ನಲ್ಲಿ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಅಂತ ಒಂದು ಆಪ್ಷನ್ ಬಂತು. ನೀವು ಆನ್ ಮಾಡಿದ ಮೇಲೆ ಇಂಥ ತೊಂದರೆ ಕಾಣಿಸಿದರೆ, ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಮೇಲೆ ಮೊದಲು ಅನುಮಾನ ಪಡಿ.

ಇನ್ನು ಬಿಲ್ ವಿಷಯ. ಇಲ್ಲಿ ನಿಮಗೆ ಸ್ವಲ್ಪ ನಿರಾಸೆ ಆಗಬಹುದು. ಸಿಸ್ಟಂ ಸುಮ್ಮನೆ ಇದ್ದಾಗ ಇದರಿಂದ ಉಳಿಯೋದು ಸಾಮಾನ್ಯವಾಗಿ ಹತ್ತಿಪ್ಪತ್ತು ವ್ಯಾಟ್. 15 ಅಂತಲೇ ಇಟ್ಟುಕೊಳ್ಳಿ, ದಿನಕ್ಕೆ 10 ಗಂಟೆ ಓಡಿಸಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ನಿಮ್ಮ ಗೃಹಜ್ಯೋತಿ ಮಿತಿ ಅಂದರೆ 2022-23ರ ನಿಮ್ಮ ತಿಂಗಳ ಸರಾಸರಿ ಬಳಕೆ ಮತ್ತು ಅದರ ಮೇಲೆ ಒಂದಿಷ್ಟು. ಎರಡು ಮೂರು ಯೂನಿಟ್‌ನಲ್ಲಿ ದಾಟ್ತಿದ್ದರೆ ಇದೇ ಸಾಕು, ಇಪ್ಪತ್ತು ಮೂವತ್ತು ದಾಟ್ತಿದ್ದರೆ ಗೀಸರ್ ನೋಡಿ. ಸಿಸ್ಟಮನ್ನು ರಾತ್ರಿಯಿಡೀ ಆನ್ ಬಿಡೋ ಅಭ್ಯಾಸ ಇದ್ದರೆ ಸ್ಲೀಪ್‌ಗೆ ಹಾಕಿ, ಅದರಲ್ಲಿ ಉಳಿತಾಯ ಇದಕ್ಕಿಂತ ಎಷ್ಟೋ ಜಾಸ್ತಿ. ‘ಕರೆಂಟ್ ಹೋದರೆ ಫೈಲ್ ಹೋಗುತ್ತೆ’ ಅನ್ನೋ ಭಯಕ್ಕೆ ವಿಂಡೋಸಿನಲ್ಲಿ ಹೈಬ್ರಿಡ್ ಸ್ಲೀಪ್ ಇದೆ, ಮಲಗೋ ಮುಂಚೆ ಎಲ್ಲವನ್ನೂ ಡಿಸ್ಕಿಗೂ ಬರೆದಿಡುತ್ತೆ. ಯುಪಿಎಸ್ ಇದ್ದರೆ ಇನ್ನೊಂದು ಲಾಭ: ಲೋಡ್ ಕಮ್ಮಿಯಾದಷ್ಟೂ ಬ್ಯಾಕಪ್ ಹೆಚ್ಚು ಹೊತ್ತು ಬರುತ್ತೆ.

ಬಯೋಸ್‌ನಲ್ಲಿ ಆನ್ ಮಾಡಿದ ಮೇಲೆ ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ‘ಬ್ಯಾಲೆನ್ಸ್ಡ್’ ಇದೆಯಾ ನೋಡಿ. ‘ಹೈ ಪರ್ಫಾರ್ಮೆನ್ಸ್’ ಇದ್ದರೆ ಕನಿಷ್ಠ ವೇಗ ಶೇ. 100ಕ್ಕೆ ಕೂತಿರುತ್ತೆ, ಆಗ ಸ್ಪೀಡ್‌ಸ್ಟೆಪ್ ಇದ್ದೂ ಇಲ್ಲದ ಹಾಗೆ. ಟಾಸ್ಕ್ ಮ್ಯಾನೇಜರ್ ತೆಗೆದು ಏನೂ ಮಾಡದೆ ಅರ್ಧ ನಿಮಿಷ ನೋಡಿ. ಸಿಪಿಯು ವೇಗ 1 ಗಿಗಾಹರ್ಟ್ಸ್ ಆಸುಪಾಸಿಗೆ ಇಳಿದು, ಒಂದು ದೊಡ್ಡ ಫೋಟೋಶಾಪ್ ಫೈಲ್ (ಪಿಎಸ್‌ಡಿ) ತೆಗೆದ ತಕ್ಷಣ ಮೇಲಕ್ಕೆ ಹಾರಿದರೆ ಎಲ್ಲ ಸರಿ ಇದೆ ಅಂತ.

ಏಪ್ರಿಲ್‌ನಲ್ಲಿ ಕೋಣೆ ಕಾದು ಫ್ಯಾನ್ ಕಿರುಚೋಕೆ ಶುರು ಮಾಡಿದರೆ ಅದೇ ಪವರ್ ಆಪ್ಷನ್ಸ್‌ನಲ್ಲಿ ಗರಿಷ್ಠ ಪ್ರೊಸೆಸರ್ ಸ್ಟೇಟ್ ಶೇ. 99ಕ್ಕೆ ಇಳಿಸಿ. ಟರ್ಬೋ ನಿಲ್ಲುತ್ತೆ, ಶಾಖ ಇಳಿಯುತ್ತೆ. ಆಲ್ಬಂ ಎಕ್ಸ್‌ಪೋರ್ಟ್ ಮಾಡೋ ದಿನ ಮಾತ್ರ ಮತ್ತೆ 100 ಮಾಡಿಕೊಳ್ಳಿ.