ಪ್ರತಿಕ್ರಿಯೆ: ಸೋಯಾ ಅವರೆಯ ಬೇರುಗಂಟುಗಳು ಒಳಗೆ ಬಿಳಿಯಾಗಿರುವುದು

ನಿಮ್ಮ ನಲವತ್ತು ದಿನದ ಸೋಯಾ ಅವರೆಯ ಕೆಳಗಿನ ಎಲೆಗಳು ಹಳದಿಯಾಗಿವೆ, ಬೇರುಗಂಟುಗಳನ್ನು ಸೀಳಿದಾಗ ಒಳಗೆ ಬಿಳಿಯಾಗಿ ಕಂಡಿವೆ, ಈಗ ಬ್ಯಾಕ್ಟೀರಿಯಾವನ್ನು ಎಲೆಗೆ ಸಿಂಪಡಿಸಬಹುದೇ ಎಂದು ಕೇಳಿದ್ದೀರಿ. ಹೀಗಿದ್ದರೆ, ಗಂಟು ಕಟ್ಟಿರುವ ಬ್ಯಾಕ್ಟೀರಿಯಾ ಸೋಯಾಕ್ಕೆ ಒಗ್ಗದ ತಳಿಯದಾಗಿರುವ ಸಾಧ್ಯತೆಯೇ ಹೆಚ್ಚು. ಕೆಲಸ ಮಾಡುವ, ಅಂದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಗಂಟಿನ ಒಳಭಾಗ ಲೆಗ್‌ಹೀಮೋಗ್ಲೋಬಿನ್ ಎಂಬ ವರ್ಣದ್ರವ್ಯದಿಂದ ನಸುಗೆಂಪಾಗಿರುತ್ತದೆ. ತೀರಾ ಎಳೆಯ ಗಂಟು ಬಿಳಿಯಾಗಿಯೂ ಮುಪ್ಪಾದದ್ದು ಹಸಿರಾಗಿಯೂ ಕಾಣುವುದರಿಂದ ಒಂದೆರಡನ್ನು ನೋಡಿ ತೀರ್ಮಾನಿಸಬಾರದು.

ಮೊದಲು ಹೊಲದ ಬೇರೆ ಬೇರೆ ಕಡೆಯ ಕೆಲವು ಗಿಡಗಳನ್ನು ಕೀಳದೆ, ಸಲಿಕೆಯಿಂದ ಮಣ್ಣುಸಹಿತ ಎತ್ತಿ ನೀರಿನಲ್ಲಿ ನೆನೆಸಿರಿ. ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ತಾಯಿಬೇರಿನ ಮೇಲ್ಭಾಗದಲ್ಲಿ ದಪ್ಪ ಗಂಟುಗಳಿಲ್ಲದೆ, ಪಕ್ಕದ ಬೇರುಗಳಲ್ಲಿ ಸಣ್ಣವು ಮಾತ್ರ ಚದುರಿದ್ದರೆ ಮೇಲಿನ ಊಹೆ ಬಲಗೊಳ್ಳುತ್ತದೆ. ಆದರೆ ಹೊಲದಲ್ಲಿ ನೀರು ನಿಂತಿದ್ದರೂ, ಮಣ್ಣು ಹುಳಿಯಾಗಿ ಮಾಲಿಬ್ಡಿನಂ ಎಂಬ ಲಘು ಪೋಷಕಾಂಶ ಸಿಗದಿದ್ದರೂ ಇಂಥದೇ ಲಕ್ಷಣ ಕಾಣಿಸಬಹುದಾದ್ದರಿಂದ, ನೀರನ್ನು ಬಸಿದುಬಿಟ್ಟು ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಪರೀಕ್ಷೆ ಮಾಡಿಸಿರಿ, ಅದು 5.5ಕ್ಕಿಂತ ಕಡಿಮೆಯಿದ್ದರೆ ಮುಂದಿನ ಬಿತ್ತನೆಗೆ ಮುಂಚೆ ಸುಣ್ಣ ಹಾಕಬೇಕು.

ನೀವು ಕೇಳಿದಂತೆ ಈಗ ಬ್ಯಾಕ್ಟೀರಿಯಾವನ್ನು ಎಲೆಗೆ ಸಿಂಪಡಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಅದು ಬೇರುರೋಮದ ಮೂಲಕವೇ ಒಳಹೊಗಬೇಕು. ಗಂಟುಗಳು ಎಲ್ಲೆಡೆ ಬಿಳಿಯಾಗಿಯೇ ಇದ್ದರೆ ಈ ಬೆಳೆಗೆ ಹೂ ಬಿಡುವ ಹೊತ್ತಿಗೆ ಮೇಲುಗೊಬ್ಬರವಾಗಿ ಸಾರಜನಕ ಕೊಡುವುದೇ ದಾರಿ. ಗಂಟುಗಳು ನಸುಗೆಂಪಾಗಿದ್ದರೆ ಮಾತ್ರ ಯೂರಿಯಾ ಹಾಕಬೇಡಿ, ಹಾಕಿದರೆ ಅವುಗಳ ಕೆಲಸ ಕುಗ್ಗುತ್ತದೆ.

ಮುಂದಿನ ಸಲ ಬೀಜಕ್ಕೆ ಹಚ್ಚಲು, ಸೋಯಾಕ್ಕೆ ಒಗ್ಗುವ ಬ್ಯಾಕ್ಟೀರಿಯಾವಾದ ಬ್ರಾಡಿರೈಜೋಬಿಯಂ ಜಪಾನಿಕಂ ಇರುವ, ಅವಧಿ ಮೀರದ ಪೊಟ್ಟಣವನ್ನೇ ಕೊಳ್ಳಿರಿ. ಬೇರೆ ಕಾಳಿಗೆಂದು ತಯಾರಿಸಿದ್ದು ಇಲ್ಲಿ ನಡೆಯದು. ಶಿಲೀಂಧ್ರನಾಶಕ ಬಳಸುವುದಾದರೆ ಅದನ್ನು ಮೊದಲು ಲೇಪಿಸಿ, ಬೀಜ ಒಣಗಿದ ಮೇಲೆ ಬ್ಯಾಕ್ಟೀರಿಯಾ ಹಚ್ಚಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಿರಿ.