ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್‌ನಲ್ಲಿ ಮಕ್ಕಳ ಶಾಲೆ: ಅಕ್ಟೋಬರ್‌ನಲ್ಲಿ ಓದು ಎಲ್ಲಿದೆ?

ನನ್ನನ್ನು ಅಕ್ಕ ಎಂದು ಕರೆದು ಬರೆದಿದ್ದೀರಿ. ಹಾಗಾಗಿ ಅಕ್ಕನ ಸಲುಗೆಯಲ್ಲೇ ಉತ್ತರಿಸುತ್ತೇನೆ. ಯಜಮಾನರಿಗೆ ಕಮಿನ್ಸ್ ಎಂಜಿನ್ ಕಂಪನಿಯ ಪುಣೆ ಕಚೇರಿಯಿಂದ ವರ್ಗವಾಗಿ ಜುಲೈನಲ್ಲಿ ಇಲ್ಲಿಗೆ ಬಂದಿರಿ. ಮಗಳು ನಾಲ್ಕನೆಯ ತರಗತಿ, ಮಗ ಕಿಂಡರ್‌ಗಾರ್ಟನ್. ಆಗಸ್ಟ್ ಆರಂಭದಲ್ಲೇ ಶಾಲೆ ತೆರೆದರೂ ಮನೆಗೆ ಬರುವುದೆಲ್ಲ ಕುಂಬಳಕಾಯಿ ತೋಟದ ಪ್ರವಾಸದ ಚೀಟಿ, ವೇಷ ಹಾಕುವ ದಿನದ ಚೀಟಿ, ಶಾಲೆಯ ನಿಧಿಗಾಗಿ ಪಾಪ್‌ಕಾರ್ನ್ ಮಾರುವ ಚೀಟಿ. ಮೈಸೂರಿನಲ್ಲಿದ್ದಿದ್ದರೆ ದಸರಾ ರಜೆಗೆ ಮೊದಲೇ ಅರ್ಧವಾರ್ಷಿಕ ಪರೀಕ್ಷೆ ಮುಗಿದಿರುತ್ತಿತ್ತು. ಮಕ್ಕಳು ಹಿಂದೆ ಬೀಳುತ್ತಾರೆಯೇ, ಶನಿವಾರ ಭಾನುವಾರ ಗಣಿತದ ಕೋಚಿಂಗ್‌ಗೆ ಸೇರಿಸಲೇ ಎಂದು ಕೇಳಿದ್ದೀರಿ.

ಸೇರಿಸಬೇಡಿ. ಡಿಸೆಂಬರ್‌ವರೆಗಂತೂ ಬೇಡ. ಈ ಊರಿನಲ್ಲಿ ಜನ ಜನರಿಗೆ ಸಿಗುವುದು ಆಗಸ್ಟ್‌ನಿಂದ ನವೆಂಬರ್‌ವರೆಗೆ ಮಾತ್ರ. ಆಮೇಲೆ ಸಂಜೆ ಐದೂವರೆಗೆ ಕತ್ತಲಾಗುತ್ತದೆ, ಎಲ್ಲರೂ ಗ್ಯಾರೇಜಿನಿಂದ ಗ್ಯಾರೇಜಿಗೆ ಓಡಾಡುತ್ತಾರೆ, ಎದುರು ಮನೆಯವರ ಮುಖ ಕಾಣುವುದು ಏಪ್ರಿಲ್‌ನಲ್ಲಿ. ನಿಮ್ಮ ಮಗಳಿಗೆ ಗೆಳತಿ ಸಿಗಬೇಕಾದರೂ, ನಿಮಗೆ ಆಪತ್ತಿನಲ್ಲಿ ಫೋನ್ ಮಾಡಲು ಒಬ್ಬರು ಸಿಗಬೇಕಾದರೂ ಅದು ಈಗಲೇ ಆಗಬೇಕು. ಕೆಳ ತರಗತಿಗಳ ಲೆಕ್ಕ ಇಲ್ಲಿ ನಿಧಾನ ಎನ್ನುವುದು ನಿಜ. ಅದಕ್ಕೆ ಊಟದ ಮೇಜಿನಲ್ಲಿ ದಿನಕ್ಕೆ ಅರ್ಧ ಗಂಟೆ, ಹದಿನಾರರವರೆಗೆ ಮಗ್ಗಿ, ಅಷ್ಟು ಸಾಕು.

ಇನ್ನು ಆ ಕುಂಬಳಕಾಯಿ. ಮಗನ ತರಗತಿಯಲ್ಲಿ ಅದನ್ನು ಏನು ಮಾಡುತ್ತಾರೆ ಎಂದು ಒಮ್ಮೆ ಹೋಗಿ ನೋಡಿ. ಕಾಯಿ ತೇಲುತ್ತದೆಯೋ ಮುಳುಗುತ್ತದೆಯೋ ಎಂದು ಮಕ್ಕಳು ಮೊದಲು ಊಹಿಸಬೇಕು, ಆಮೇಲೆ ನೀರಿಗೆ ಹಾಕಬೇಕು. ಸುತ್ತಳತೆಯನ್ನು ದಾರದಲ್ಲಿ ಅಳೆಯಬೇಕು. ಬೀಜ ಎಷ್ಟಿರಬಹುದು ಎಂದು ಬರೆದಿಟ್ಟು, ಹತ್ತತ್ತರ ಗುಂಪು ಮಾಡಿ ಎಣಿಸಬೇಕು. ಐದು ವರ್ಷದ ಮಗುವಿಗೆ ಸ್ಥಾನಬೆಲೆ ಇದಕ್ಕಿಂತ ಚೆನ್ನಾಗಿ ಹೇಗೆ ಕಲಿಸುವುದೋ ನನಗೆ ಹೊಳೆಯುವುದಿಲ್ಲ. ದೊಡ್ಡ ಮಕ್ಕಳು ಎಲೆಗಳನ್ನು ಆರಿಸಿ ತಂದು, ಪತ್ರಹರಿತ್ತು ಕರಗಿದ ಮೇಲೆ ಒಳಗೇ ಅಡಗಿದ್ದ ಹಳದಿ ಹೇಗೆ ಕಾಣಿಸಿಕೊಳ್ಳುತ್ತದೆ, ಮೇಪಲ್ ಎಲೆಯಲ್ಲಿ ಕೆಂಪು ಮಾತ್ರ ಏಕೆ ಹೊಸದಾಗಿ ಹುಟ್ಟುತ್ತದೆ ಎಂದು ಕಲಿಯುತ್ತಾರೆ. ಅಕ್ಟೋಬರ್ ಮಧ್ಯದ ನಂತರ ಪಶ್ಚಿಮಕ್ಕೆ ಬ್ರೌನ್ ಕೌಂಟಿಯ ಕಾಡಿಗೆ ಕರೆದುಕೊಂಡು ಹೋಗಿ. ಪಾಠ ಅಲ್ಲಿ ಗುಡ್ಡದ ತುಂಬ ಹರಡಿರುತ್ತದೆ. (ಕೆತ್ತಲು ಮಾರುವ ದೊಡ್ಡ ಕುಂಬಳಕಾಯಿ ಹುಳಿಗೆ ಬರುವುದಿಲ್ಲ, ಬರೀ ನೀರು. ಹುಳಿಗೆ ಬಟರ್‌ನಟ್ ಎಂಬ ಕುಂಬಳ ಕೊಳ್ಳಿ.)

ಮಗಳ ವಿಷಯ ಇನ್ನೂ ಸ್ವಾರಸ್ಯ. ನಾಲ್ಕನೆಯ ತರಗತಿಯ ಸಮಾಜ ಪಾಠವೆಂದರೆ ಇಡೀ ರಾಜ್ಯದಲ್ಲಿ ಇಂಡಿಯಾನಾದ ಚರಿತ್ರೆ. 1816ರಲ್ಲಿ ಇದು ಹತ್ತೊಂಬತ್ತನೆಯ ರಾಜ್ಯವಾದದ್ದು, ಅದಕ್ಕೆ ಮೊದಲು ಮಯಾಮಿ, ಡೆಲವೇರ್, ಪೊಟವಾಟೊಮಿ ಎಂಬ ಮೂಲನಿವಾಸಿ ಜನ ಇಲ್ಲಿದ್ದದ್ದು, ಎಲ್ಲವೂ ಈ ವರ್ಷವೇ ಬರುತ್ತದೆ. ನವೆಂಬರ್‌ನಲ್ಲಿ, ವಲಸಿಗರೂ ಮೂಲನಿವಾಸಿಗಳೂ ಒಟ್ಟಿಗೆ ಉಂಡರು ಎಂದು ನೆನೆಯುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಕುರಿತು ಟರ್ಕಿ ಕೋಳಿಯ ಚಿತ್ರಕ್ಕೆ ಬಣ್ಣ ತುಂಬಿ ಮನೆಗೆ ತಂದಾಗ, ಆ ಚಿತ್ರದ ಜೊತೆಗೆ ಇನ್ನೊಂದು ಕಥೆಯನ್ನೂ ನೀವು ಹೇಳಿ. 1838ರ ಸೆಪ್ಟೆಂಬರ್‌ನಲ್ಲಿ, ಇದೇ ರಾಜ್ಯದ ಉತ್ತರ ಭಾಗದಿಂದ ಸುಮಾರು 850 ಪೊಟವಾಟೊಮಿ ಜನರನ್ನು ಬಂದೂಕಿನ ಕಾವಲಿನಲ್ಲಿ ಕಾನ್ಸಾಸ್‌ವರೆಗೆ ನಡೆಸಿಕೊಂಡು ಹೋದರು. ನವೆಂಬರ್‌ನಲ್ಲಿ ಅವರು ಅಲ್ಲಿ ತಲುಪುವಷ್ಟರಲ್ಲಿ ದಾರಿಯಲ್ಲಿ ಸತ್ತವರು ನಲವತ್ತಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಮಕ್ಕಳು. ಒಂಬತ್ತು ವರ್ಷದ ಹುಡುಗಿಗೆ ಇದು ಅರ್ಥವಾಗುತ್ತದೆ. ಹೊರಗಿನಿಂದ ಬಂದ ನಮ್ಮಂಥವರು ನಿಂತ ನೆಲ ಯಾರದಾಗಿತ್ತು ಎಂದು ತಿಳಿದಿರುವುದು ಒಳ್ಳೆಯದು.

ಈ ಊರಿನ ಶಾಲೆಗಳ ಕಟ್ಟಡಗಳನ್ನೂ ಸುಮ್ಮನೆ ದಾಟಿ ಹೋಗಬೇಡಿ. ಸುಮಾರು ಐವತ್ತು ಸಾವಿರ ಜನರ ಊರಿದು, ಸುತ್ತ ಮೆಕ್ಕೆಜೋಳ ಮತ್ತು ಸೋಯಾ ಹೊಲ. ಆದರೂ 1950ರ ದಶಕದಲ್ಲಿ ಕಮಿನ್ಸ್‌ನ ಮುಖ್ಯಸ್ಥ ಜೆ. ಇರ್ವಿನ್ ಮಿಲ್ಲರ್ ಒಂದು ಏರ್ಪಾಟು ಮಾಡಿದರು: ತಾವು ಕೊಡುವ ಪಟ್ಟಿಯಿಂದ ಶಾಲೆಯವರು ವಾಸ್ತುಶಿಲ್ಪಿಯನ್ನು ಆರಿಸಿಕೊಂಡರೆ ಅವರ ಸಂಭಾವನೆಯನ್ನು ಕಂಪನಿಯ ಪ್ರತಿಷ್ಠಾನ ಭರಿಸುತ್ತದೆ. ಹಾಗೆ ಮೊದಲು ಕಟ್ಟಿದ್ದು ಹ್ಯಾರಿ ವೀಸ್ ವಿನ್ಯಾಸದ ಶ್ಮಿಟ್ ಪ್ರಾಥಮಿಕ ಶಾಲೆ, 1957ರಲ್ಲಿ. ಲಿಂಕನ್ ಶಾಲೆ ಗುನ್ನಾರ್ ಬಿರ್ಕರ್ಟ್ಸ್ ಅವರದು, 1967ರದು. ಪೇಟೆಯ ಗ್ರಂಥಾಲಯ ಐ. ಎಂ. ಪೇ ಅವರದು, ಅದರ ಮುಂದಿನ ಕಮಾನು ಹೆನ್ರಿ ಮೂರ್ ಅವರ ಶಿಲ್ಪ. ಬೆಸ ವರ್ಷಗಳ ಶರತ್ಕಾಲದಲ್ಲಿ ನಡೆಯುವ ಎಕ್ಸಿಬಿಟ್ ಕೊಲಂಬಸ್ ಎಂಬ ವಾಸ್ತುಶಿಲ್ಪ ಪ್ರದರ್ಶನಕ್ಕೆ ಹೈಸ್ಕೂಲ್ ಮಕ್ಕಳ ಒಂದು ತಂಡವೂ ತನ್ನದೇ ರಚನೆಯನ್ನು ನಿಲ್ಲಿಸುತ್ತದೆ. ಮಗಳಿಗೆ ಚಿತ್ರದಲ್ಲಿ ಆಸಕ್ತಿ ಎಂದಿದ್ದೀರಿ. ಒಂದು ಶನಿವಾರ ನೋಟ್‌ಪುಸ್ತಕ ಕೊಟ್ಟು ಐದನೆಯ ರಸ್ತೆಯಲ್ಲಿ ನಡೆಸಿ, ಕೋಚಿಂಗ್‌ನ ಹಣ ಉಳಿಯುತ್ತದೆ.

ಒಂದು ಕಾಗದದ ವಿಷಯವನ್ನು ಒತ್ತಿ ಹೇಳಬೇಕು. ದಾಖಲಾತಿಯಲ್ಲಿ ಮನೆಯ ಮಾತು ಯಾವುದು ಎಂದು ಕೇಳುವ ಪುಟವಿರುತ್ತದೆ. ಕನ್ನಡ ಎಂದು ಬರೆದರೆ ಮಗುವನ್ನು ಬೇರೆ ಕೂರಿಸುತ್ತಾರೆ ಎಂದು ಹೆದರಿ ನಮ್ಮವರಲ್ಲಿ ಹಲವರು ಇಂಗ್ಲಿಷ್ ಎಂದು ಬರೆಯುತ್ತಾರೆ. ನಿಜವನ್ನೇ ಬರೆಯಿರಿ. ವಿಡಾ ಎಂಬ ಪರೀಕ್ಷೆ ಕೊಡುತ್ತಾರೆ, ಇಂಗ್ಲಿಷ್ ಚೆನ್ನಾಗಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಭಾಷೆಗೆಂದೇ ಶಿಕ್ಷಕರ ಸಹಾಯ ಖರ್ಚಿಲ್ಲದೆ ಸಿಗುತ್ತದೆ. ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರೂ ಇಲ್ಲಿನ ಉಚ್ಚಾರಣೆಗೆ, ವೇಗಕ್ಕೆ ಕೆಲವು ವಾರ ಬೇಕು. ಅದನ್ನು ದಡ್ಡತನ ಎಂದು ಯಾರೂ ಎಣಿಸುವುದಿಲ್ಲ, ನೀವೂ ಎಣಿಸಬೇಡಿ. ಪಠ್ಯಪುಸ್ತಕದ ಶುಲ್ಕ ಎಂದು ಹಳಬರು ಹೆದರಿಸಿದ್ದರೆ ಮರೆತುಬಿಡಿ. 2023ರ ಕಾನೂನಿನ ನಂತರ ಸರ್ಕಾರಿ ಶಾಲೆಗಳು ಅದನ್ನು ವಸೂಲಿ ಮಾಡುವಂತಿಲ್ಲ.

ಪೋಷಕರ ಭೇಟಿಗೆ ಗಂಡ ಹೆಂಡತಿ ಇಬ್ಬರೂ ಹೋಗಿ. ಹದಿನೈದು ಇಪ್ಪತ್ತು ನಿಮಿಷ ಸಿಗುತ್ತದೆ. ಇಲ್ಲಿನ ಶಿಕ್ಷಕರು ಹೊಗಳಿಕೆಯಿಂದಲೇ ಶುರುಮಾಡುತ್ತಾರೆ, ನಮ್ಮವರು ಅದನ್ನೇ ತೀರ್ಪು ಎಂದು ತಿಳಿದು ನಗುತ್ತಾ ಎದ್ದು ಬರುತ್ತಾರೆ. ಹೇಳಬೇಕಾದದ್ದನ್ನು ಅವರು ಕೊನೆಯ ಎರಡು ನಿಮಿಷಕ್ಕೆ ಇಟ್ಟುಕೊಂಡಿರುತ್ತಾರೆ, ಅದೂ ಬಹಳ ಮೆತ್ತಗೆ. ಎಷ್ಟನೆಯ ಸ್ಥಾನ ಎಂದು ಕೇಳಬೇಡಿ, ಉತ್ತರ ಬರುವುದಿಲ್ಲ. ಓದುವ ಮಟ್ಟ ಎಷ್ಟು, ಮಧ್ಯಾಹ್ನ ಯಾರ ಪಕ್ಕದಲ್ಲಿ ಕುಳಿತು ಊಟ ಮಾಡುತ್ತಾಳೆ ಎಂದು ಕೇಳಿ. ತರಗತಿಯ ಕೆಲಸಕ್ಕೆ ಸಹಾಯಕ್ಕೆ ಬರುತ್ತೇನೆ ಎನ್ನುವುದಾದರೆ ಹಿನ್ನೆಲೆ ಪರಿಶೀಲನೆಯ ಅರ್ಜಿಯನ್ನು ಇವತ್ತೇ ಹಾಕಿ. ಅದು ಮುಗಿಯದೆ ಪ್ರವಾಸಕ್ಕೂ ಜೊತೆಗೆ ಬಿಡುವುದಿಲ್ಲ.

ಅಕ್ಟೋಬರ್ ಕೊನೆಯ ದಿನ ಮಕ್ಕಳು ವೇಷ ಹಾಕಿ ಮನೆಮನೆಗೆ ಸಿಹಿ ಕೇಳಲು ಹೋಗುವ ಹ್ಯಾಲೋವೀನ್ ಬಗ್ಗೆ ನಿಮ್ಮ ಅತ್ತೆಯವರಿಗೆ ಇರುವ ಅಳುಕು ನನಗೆ ಅರ್ಥವಾಗುತ್ತದೆ. ದೆವ್ವದ ವೇಷವೇ ಆಗಬೇಕೆಂದಿಲ್ಲ, ಓಬವ್ವನಾಗಿ ಒನಕೆ ಹಿಡಿದರೂ ನಡೆಯುತ್ತದೆ. ಶಾಲೆಗೆ ಹೋಗುವಾಗ ಮಾತ್ರ ಒನಕೆ ಮನೆಯಲ್ಲಿರಲಿ, ಆಯುಧದಂತೆ ಕಾಣುವ ಯಾವುದನ್ನೂ ಒಳಗೆ ಬಿಡುವುದಿಲ್ಲ. ಸಂಜೆ ಹೊರಗಿನ ದೀಪ ಉರಿಯುತ್ತಿರುವ ಮನೆಯ ಬಾಗಿಲು ಮಾತ್ರ ತಟ್ಟಬೇಕು. ನೀವೂ ದೀಪ ಹಾಕಿ, ಚಾಕಲೇಟಿನ ಬಟ್ಟಲು ಹಿಡಿದು ಬಾಗಿಲಲ್ಲಿ ಕೂತುಕೊಳ್ಳಿ. ಸಂಕ್ರಾಂತಿಯ ದಿನ ಎಳ್ಳು ಬೀರಿದಂತೆ, ಒಂದೇ ಸಂಜೆಯಲ್ಲಿ ಇಡೀ ಬೀದಿಯ ಪರಿಚಯ. ದೀಪಾವಳಿಗೆ ರಜೆ ಇಲ್ಲ. ಅಕ್ಟೋಬರ್ ರಜೆ ಕೆಲವು ವರ್ಷ ನವರಾತ್ರಿಗೆ ಹೊಂದುತ್ತದೆ, ಕೆಲವು ವರ್ಷ ಇಲ್ಲ. ತರಗತಿಯಲ್ಲಿ ಹಬ್ಬದ ಬಗ್ಗೆ ಹತ್ತು ನಿಮಿಷ ಮಾತಾಡುತ್ತೇನೆ ಎಂದರೆ ಶಿಕ್ಷಕರು ಸಂತೋಷದಿಂದ ಒಪ್ಪುತ್ತಾರೆ. ಹಣತೆ ಒಯ್ಯಿರಿ, ಬೇಸನ್ ಲಾಡು ಬೇಡ. ಅಲರ್ಜಿಯ ಭಯದಿಂದ ಮನೆಯಲ್ಲಿ ಮಾಡಿದ ತಿಂಡಿಯನ್ನು ಹಂಚಲು ಸಾಮಾನ್ಯವಾಗಿ ಬಿಡುವುದಿಲ್ಲ.

ಶುಕ್ರವಾರ ರಾತ್ರಿಯ ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ನನಗೆ ಇಷ್ಟವಿಲ್ಲ. ತಲೆಗೆ ತಲೆ ಗುದ್ದಿಕೊಳ್ಳುವ ಆಟಕ್ಕೆ ಇಷ್ಟು ದುಡ್ಡು ಏಕೋ ತಿಳಿಯದು. ನಾನು ಹೋಗುವುದು ಬ್ಯಾಂಡ್ ಕೇಳಲು. ಪಾಪ್‌ಕಾರ್ನ್ ಮಾರುವುದೂ ಕಡ್ಡಾಯವಲ್ಲ, ಚೀಟಿಯನ್ನು ಧೈರ್ಯವಾಗಿ ಹಾಗೆಯೇ ವಾಪಸು ಕಳುಹಿಸಿ.

ನೀವು ಕಾರು ಓಡಿಸಲು ಕಲಿಯುತ್ತಿದ್ದೀರಿ, ಆದ್ದರಿಂದ ಇದು ಮುಖ್ಯ. ನಾವು ಪೂರ್ವ ಕಾಲವಲಯದ ಪಶ್ಚಿಮ ಅಂಚಿನಲ್ಲಿದ್ದೇವೆ. ಅಕ್ಟೋಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಎಂಟರ ಹೊತ್ತಿಗೆ. ಮಕ್ಕಳು ಬಸ್‌ಗೆ ಕಾಯುವುದು ಕತ್ತಲಲ್ಲಿ. 2018ರ ಅಕ್ಟೋಬರ್ 30ರಂದು ಇದೇ ರಾಜ್ಯದ ರಾಚೆಸ್ಟರ್ ಬಳಿ, ಬಸ್ ಹತ್ತಲು ರಸ್ತೆ ದಾಟುತ್ತಿದ್ದ ಒಂದೇ ಮನೆಯ ಮೂವರು ಮಕ್ಕಳು ವಾಹನಕ್ಕೆ ಸಿಕ್ಕಿ ತೀರಿಕೊಂಡರು. ಮರುವರ್ಷ ಕಾನೂನು ಬಿಗಿಯಾಯಿತು. ಹಳದಿ ಬಸ್ಸಿನ ಕೆಂಪು ದೀಪ ಮಿನುಗಿ ‘ನಿಲ್ಲಿ’ ಫಲಕದ ತೋಳು ಚಾಚಿದರೆ, ನಡುವೆ ತಡೆಗೋಡೆಯಾಗಲಿ ವಿಭಜಕವಾಗಲಿ ಇಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಲೇಬೇಕು. ಮಗನ ಚೀಲಕ್ಕೆ ಹೊಳೆಯುವ ಪಟ್ಟಿ ಅಂಟಿಸಿ, ದಪ್ಪ ಕೋಟು ಈಗಲೇ ಕೊಳ್ಳಿ, ಒಂದು ಅಳತೆ ದೊಡ್ಡದು.

ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮೈಸೂರಿಗೂ ನಮಗೂ ಅಂತರ ಒಂಬತ್ತೂವರೆಯಿಂದ ಹತ್ತೂವರೆ ಗಂಟೆಯಾಗುತ್ತದೆ. ಅತ್ತೆಯವರಿಗೆ ಮುಂಚೆಯೇ ತಿಳಿಸಿ, ಇಲ್ಲದಿದ್ದರೆ ಫೋನ್ ಬರಲಿಲ್ಲವೆಂದು ಗಾಬರಿಯಾಗುತ್ತಾರೆ.